ವಡ್ಡೆಪಲ್ಲಿಯ ‘ಪಲ್ಲಿ’ಯೂ ನಮ್ಮ ‘ಹಳ್ಳಿ’ಯೂ: ಅಂತರ್ಜಾಲದ ಆಕರ ಗ್ರಂಥಗಳು

ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿ ಸರಿಯಿತು. ಕನ್ನಡ ಶಾಲೆಗಳು ಉಳಿದವು. ಆದರೆ ಆ ಶಾಲೆಗಳ ಮಕ್ಕಳಿಗೆ ಒಂದು ಪದದ ಅರ್ಥ ಬೇಕಾದಾಗ ತೆರೆದು ನೋಡುವ ದೊಡ್ಡ ನಿಘಂಟು ಮನೆಯಲ್ಲಿರುವುದು ದುರ್ಲಭ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟೇ 8 ಸಂಪುಟಗಳಷ್ಟಿದೆ. ಆದುದರಿಂದ ಶುಲ್ಕವಿಲ್ಲದೆ ಅಂತರ್ಜಾಲದಲ್ಲಿ ದೊರೆಯುವ ಕೆಲವು ಆಕರಗಳನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಗಡಿನಾಡಿನವರಿಗೆ ಅತ್ಯಂತ ಉಪಯುಕ್ತವೆಂದು ನಾವು ಭಾವಿಸುವುದು ಶಿಕಾಗೊ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯ. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಅಲ್ಲಿದೆ. ಒಂದೇ ಮೂಲದ ಪದಗಳನ್ನು ತಮಿಳು, ಕನ್ನಡ, ತೆಲುಗು ಮೊದಲಾದ ಭಾಷೆಗಳಿಂದ ಆಯ್ದು ಒಂದೆಡೆ ಇರಿಸಿರುವ ಗ್ರಂಥವಿದು. ನಮ್ಮ ವಡ್ಡೆಪಲ್ಲಿಯ ‘ಪಲ್ಲಿ’ಯನ್ನೇ ಹುಡುಕಿರಿ. ಹಳಗನ್ನಡದ ‘ಪಳ್ಳಿ’, ಇಂದಿನ ‘ಹಳ್ಳಿ’, ತೆಲುಗಿನ ‘ಪಲ್ಲಿ’, ‘ಪಲ್ಲೆ’ ಒಂದೇ ಉಲ್ಲೇಖದಲ್ಲಿ ಕೂಡಿ ಬರುತ್ತವೆ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು. ತೆಲುಗಿನಲ್ಲಿ ಪಕಾರವೇ ನಿಂತಿತು. ಹಾಲು–ಪಾಲು, ಹುಲಿ–ಪುಲಿ, ಹೂವು–ಪುವ್ವು ಎಂದು ಮಕ್ಕಳು ತಾವೇ ಪಟ್ಟಿ ಬೆಳೆಸಬಲ್ಲರು. (ಹಸ್ತ, ಹವಾ ಮುಂತಾದ ಎರವಲು ಪದಗಳಿಗೆ ಈ ನಿಯಮ ಅನ್ವಯಿಸದು.) ಅಲ್ಲಿ ಪದಗಳು ರೋಮನ್ ಲಿಪಿಯಲ್ಲಿಯೂ ಅರ್ಥಗಳು ಇಂಗ್ಲಿಷಿನಲ್ಲಿಯೂ ಇರುವುದರಿಂದ ಮೊದಲ ಕೆಲವು ಬಾರಿ ಹಿರಿಯರು ಜೊತೆಗಿರುವುದು ಒಳಿತು.

ತೆಲಂಗಾಣದ 2018ರ ಕಾಯಿದೆಯಂತೆ ನಮ್ಮ ಮಕ್ಕಳು ತೆಲುಗನ್ನೂ ಕಲಿಯಲೇಬೇಕು. ಅಪರಿಚಿತ ಪದಕ್ಕಿಂತ ಪರಿಚಿತವೆಂದು ತೋರುವ ಪದವೇ ಅವರನ್ನು ಹೆಚ್ಚು ದಾರಿತಪ್ಪಿಸುತ್ತದೆ. ಕನ್ನಡದ ‘ಅವಸರ’ ಎಂದರೆ ತ್ವರೆ. ತೆಲುಗಿನ ‘ಅವಸರಂ’ ಎಂದರೆ ಅಗತ್ಯ. ಎರಡಕ್ಕೂ ಮೂಲವಾದ ಸಂಸ್ಕೃತ ಪದದ ಅರ್ಥ ಸಂದರ್ಭ. ಇಂತಹ ಪದಗಳಿಗಾಗಿ ಅದೇ ಗ್ರಂಥಾಲಯದಲ್ಲಿರುವ ಸಿ. ಪಿ. ಬ್ರೌನ್ ಅವರ ತೆಲುಗು–ಇಂಗ್ಲಿಷ್ ನಿಘಂಟನ್ನೂ, ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಜೊತೆಯಾಗಿ ತೆರೆಯಿರಿ. ಅಲರ್‌ನಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಕನ್ನಡ ಪದಗಳಿವೆ. ಪದವನ್ನು ಮೂಲರೂಪದಲ್ಲಿ ಹುಡುಕಬೇಕು: ‘ಮರದಲ್ಲಿ’ ಅಲ್ಲ, ‘ಮರ’, ‘ಹೋದನು’ ಅಲ್ಲ, ‘ಹೋಗು’. ಏನೂ ಸಿಗಲಿಲ್ಲವೆಂಬ ದೂರುಗಳಲ್ಲಿ ಬಹುಪಾಲು ಇದರಿಂದಲೇ ಹುಟ್ಟುತ್ತವೆ.

ವಿಷಯಜ್ಞಾನಕ್ಕೆ ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶವಿದೆ. ವಿಶ್ವವಿದ್ಯಾನಿಲಯವು 2014ರಲ್ಲಿ ಅದರ 6 ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು; ಲೇಖನಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಓದಬಹುದು. ಗದ್ಯ ಗಂಭೀರ, ವಿವರಣೆ ನಂಬಲರ್ಹ. ಆದರೆ ಮೊದಲ ಸಂಪುಟ ಅಚ್ಚಾದದ್ದು 1969ರಲ್ಲಿ, ಕೊನೆಯದು 2004ರಲ್ಲಿ. ಜೋಗುಳಾಂಬ ಗದ್ವಾಲ್ ಜಿಲ್ಲೆ 2016ರಲ್ಲಿ, ನಾರಾಯಣಪೇಟೆ ಜಿಲ್ಲೆ 2019ರಲ್ಲಿ ರಚಿತವಾದವು. ಜನಸಂಖ್ಯೆ, ಜಿಲ್ಲೆಗಳಂತಹ ವಿವರಗಳನ್ನು ಅಲ್ಲಿಂದ ನಕಲು ಮಾಡಿದ ಮಗುವಿಗೆ ಅಂಕ ಹೋದೀತು.

ಕಿಟೆಲ್ ಅವರ ನಿಘಂಟನ್ನು ಮರೆಯುವಂತಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಈ ಗ್ರಂಥದ ಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಚಿತ್ರರೂಪದಲ್ಲಿವೆ. ಕಡತ ಬಲು ದೊಡ್ಡದು. ಆದರೆ ಸಂಪರ್ಕ ಚೆನ್ನಾಗಿರುವೆಡೆ ಒಮ್ಮೆ ಇಳಿಸಿಕೊಂಡರೆ, ಬಳಿಕ ನೆಟ್‌ವರ್ಕ್ ಇಲ್ಲದ ಮನೆಯಲ್ಲಿಯೂ ಮೊಬೈಲಿನಲ್ಲಿ ಅದನ್ನು ತೆರೆದು ಓದಬಹುದು.