ಗೋವೆಯ ಮಳೆಗಾಲವೂ ಪರಮಪ್ರಸಾದದ ಗುರುವಾರವೂ

ಕ್ರಿ.ಶ. 1623ರ ಏಪ್ರಿಲ್ 27ನೆಯ ತಾರೀಖು ಗುರುವಾರ ಗೋವಾ ಪಟ್ಟಣದಲ್ಲಿ ಪರಮಪ್ರಸಾದದ ಹಬ್ಬದ ಮೆರವಣಿಗೆ ಹೊರಟಿತು. ಅದನ್ನು ಕಂಡು ಬರೆದಿಟ್ಟವನು ಇಟಲಿಯ ಯಾತ್ರಿಕನಾದ ಪಿಯೆತ್ರೊ ದೆಲ್ಲಾ ವಾಲೆ. ಕರ್ಣಾಟಕದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಈತನು ಅಪರಿಚಿತನಲ್ಲ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಬಂದು, ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು ವರ್ಣಿಸಿದವನು ಈತನೇ. ಇಕ್ಕೇರಿಯ ವರ್ಣನೆಗಾಗಿ ಈತನ ಪತ್ರಗಳನ್ನು ತೆರೆಯುವವರು ಗೋವೆಯ ಈ ಸಣ್ಣ ಟಿಪ್ಪಣಿಯನ್ನು ದಾಟಿ ಮುಂದೆ ಹೋಗುವುದು ಸಹಜ. ಆದರೆ ಕಥೋಲಿಕ ಕ್ರೈಸ್ತರ ಚಲಹಬ್ಬಗಳ ಇತಿಹಾಸದಲ್ಲಿ 2025ರ ಜನವರಿಯವರೆಗೂ ಇತ್ಯರ್ಥವಾಗದಿದ್ದ ಒಂದು ಪ್ರಶ್ನೆಯನ್ನು ಬಿಡಿಸಿಕೊಳ್ಳಲು ಇದು ನೆರವಾಗುತ್ತದೆಂದು ನಮ್ಮ ಅಭಿಪ್ರಾಯ. ಹಬ್ಬದ ದಿನ ಕದಲಿದಾಗ ಅದರೊಡನೆ ಬಲಿಪೂಜೆಗೆ ಹಾಜರಾಗಬೇಕೆಂಬ ಬಾಧ್ಯತೆಯೂ ಕದಲುವುದೆ, ಇಲ್ಲವೆ? ಇದೇ ಆ ಪ್ರಶ್ನೆ.

ಮೊದಲು ದಿನಗಣನೆಯನ್ನು ನೋಡೋಣ. ಕ್ರೈಸ್ತರ ಹಬ್ಬಗಳಲ್ಲಿ ಸ್ಥಿರವಾದವು, ಚಲವಾದವು ಎಂದು ಎರಡು ಬಗೆ. ಡಿಸೆಂಬರ್ 25ರ ಕ್ರಿಸ್ತಜಯಂತಿ ಸ್ಥಿರ. ಪಾಸ್ಕ ಹಬ್ಬ ಚಲ; ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರ ಅದು ಬೀಳುತ್ತದೆ. ಈ ಹುಣ್ಣಿಮೆ ಕೋಷ್ಟಕದ ಹುಣ್ಣಿಮೆಯೇ ಹೊರತು ಆಕಾಶದ್ದಲ್ಲ. ಪಂಚಾಂಗದ ಮಧ್ಯಮ ಗಣಿತವನ್ನು ಬಲ್ಲವರಿಗೆ ಈ ಭೇದ ವಿಚಿತ್ರವೆನಿಸದು. ಪಾಸ್ಕ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಂದಾದರೂ ಬರಬಹುದು. ಅದಕ್ಕೆ 39 ದಿನಗಳ ಅನಂತರದ ಗುರುವಾರ ಸ್ವರ್ಗಾರೋಹಣದ ಹಬ್ಬ. 60 ದಿನಗಳ ಅನಂತರದ ಗುರುವಾರ ಲ್ಯಾಟಿನ್ನಿನಲ್ಲಿ ಕಾರ್ಪುಸ್ ಕ್ರಿಸ್ತಿ ಎನಿಸಿಕೊಳ್ಳುವ ಪರಮಪ್ರಸಾದದ ಹಬ್ಬ. ಆದುದರಿಂದ ಈ ಎರಡನೆಯದು ಮೇ 21ಕ್ಕೆ ಮೊದಲು ಬರಲಾರದು, ಜೂನ್ 24ನ್ನು ಮೀರಲಾರದು. ಬಹುಪಾಲು ವರ್ಷಗಳಲ್ಲಿ ಅದು ಜೂನ್ ತಿಂಗಳಲ್ಲೇ ಬೀಳುತ್ತದೆ.

1623ರಲ್ಲಿ ಪಾಸ್ಕ ಬಂದದ್ದು ಏಪ್ರಿಲ್ 16ರಂದು. ಆ ಲೆಕ್ಕದಂತೆ ಪರಮಪ್ರಸಾದದ ಹಬ್ಬ ಜೂನ್ 15ಕ್ಕೆ ಸಲ್ಲಬೇಕು. ಗೋವೆಯವರು ಅದನ್ನು ಏಪ್ರಿಲ್ 27ಕ್ಕೆ, ಎಂದರೆ ಸರಿಯಾಗಿ ಏಳು ವಾರ ಮುಂಚೆಯೇ ನಡೆಸಿದರು. ಕಾರಣವನ್ನು ದೆಲ್ಲಾ ವಾಲೆಯೇ ಹೇಳುತ್ತಾನೆ: ಹಬ್ಬದ ನಿಜವಾದ ದಿನ ಜೂನ್ ತಿಂಗಳಲ್ಲಿ ಬರುತ್ತದೆ, ಆಗ ಇಲ್ಲಿ ಸುರಿಯುವ ಮಳೆಯಲ್ಲಿ ಮೆರವಣಿಗೆ ಹೊರಡುವಂತಿಲ್ಲ, ಆದಕಾರಣ ಪಾಸ್ಕದ ಅಷ್ಟಾಹ ಮುಗಿದ ಮೇಲಿನ ಮೊದಲ ಗುರುವಾರವೇ ಅದನ್ನು ಆಚರಿಸುವುದು ಈ ಊರಿನ ವಾಡಿಕೆ. ಕೊಂಕಣ ಕರಾವಳಿಯ ಮುಂಗಾರನ್ನು ಕಂಡವರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಈ ಏರ್ಪಾಟಿನಲ್ಲಿ ಗಮನಿಸಬೇಕಾದುದು ಬಿಟ್ಟುಕೊಟ್ಟದ್ದಕ್ಕಿಂತ ಹೆಚ್ಚಾಗಿ ಉಳಿಸಿಕೊಂಡದ್ದು. ಅರವತ್ತು ದಿನಗಳ ಎಣಿಕೆ ಹೋಯಿತು. ಗುರುವಾರ ಉಳಿಯಿತು, ಪಾಸ್ಕದಿಂದ ಎಣಿಸುವ ಕ್ರಮವೂ ಉಳಿಯಿತು. ಹೊಸ ದಿನವೂ ಚಲವೇ: ಅದು ಏಪ್ರಿಲ್ 2ಕ್ಕೂ ಮೇ 6ಕ್ಕೂ ನಡುವೆ ಓಡಾಡುತ್ತದೆ, ಮಳೆಯ ಗಡಿಯನ್ನು ಎಂದೂ ಮುಟ್ಟದು. ಏಪ್ರಿಲ್ ತಿಂಗಳ ಒಂದು ತಾರೀಖನ್ನು ಗೊತ್ತುಮಾಡಿಬಿಡುವುದು ಸುಲಭವಾಗಿತ್ತು. ಭಾನುವಾರಕ್ಕೆ ಹಾಕುವುದು ಇನ್ನೂ ಸುಲಭವಾಗಿತ್ತು. ಗೋವೆಯವರು ಎರಡನ್ನೂ ಮಾಡಲಿಲ್ಲ. ಇದಕ್ಕೆ ಕಾರಣ ಹಬ್ಬದ ಹುಟ್ಟಿನಲ್ಲಿದೆ. ಕ್ರಿಸ್ತನು ಶಿಷ್ಯರೊಡನೆ ಕಡೆಯ ಭೋಜನ ಮಾಡಿದ್ದು ಗುರುವಾರ. ಆ ಸ್ಮರಣೆ ಪವಿತ್ರ ವಾರದ ಶೋಕದಲ್ಲಿ ಮರೆಯಾಗುತ್ತದೆಂದು, ಸಂತೋಷದಿಂದ ಆಚರಿಸಲು ಬೇರೊಂದು ಗುರುವಾರ ಬೇಕೆಂದು ಲೀಜ್ ಪಟ್ಟಣದ ಸನ್ಯಾಸಿನಿ ಜೂಲಿಯಾನಳ ಪ್ರೇರಣೆಯಿಂದ ಅಲ್ಲಿನ ಧರ್ಮಾಧ್ಯಕ್ಷನು 1246ರಲ್ಲಿ ಈ ಹಬ್ಬವನ್ನು ತನ್ನ ಪ್ರಾಂತಕ್ಕೆ ವಿಧಿಸಿದನು. 1264ರಲ್ಲಿ ನಾಲ್ಕನೆಯ ಅರ್ಬನ್ ಪೋಪನು ಅದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದನು. ಅದೇ ವರ್ಷ ಅವನು ತೀರಿಕೊಂಡುದರಿಂದ ಆಜ್ಞೆ ಬಹುಮಟ್ಟಿಗೆ ಕಾಗದದಲ್ಲೇ ಉಳಿದು, 1317ರಲ್ಲಿ ಇಪ್ಪತ್ತೆರಡನೆಯ ಜಾನ್ ಪೋಪನ ಕಾಲದಲ್ಲಿ ಶಾಸನಸಂಗ್ರಹದೊಳಗೆ ಸೇರಿದ ಮೇಲೆ ಎಲ್ಲೆಡೆ ಹರಡಿತು. ಮೆರವಣಿಗೆ ಆಮೇಲೆ ಬಂದು ಸೇರಿಕೊಂಡ ಆಚರಣೆ.

ಇಲ್ಲಿ ಬಾಧ್ಯತೆಯ ಸ್ವರೂಪವನ್ನು ಬೇರ್ಪಡಿಸಿ ನೋಡಬೇಕು. ಭಾನುವಾರದಂದು ಗೃಹಸ್ಥರು ಬಲಿಪೂಜೆಯನ್ನು ಪೂರ್ತಿಯಾಗಿ ಕೇಳಬೇಕೆಂದು ಆಗ್ದ್ ಸಭೆ 506ರಷ್ಟು ಹಿಂದೆಯೇ ವಿಧಿಸಿತ್ತು. ಮುಂದೆ ಕೆಲವು ಹಬ್ಬಗಳಿಗೂ ಇದೇ ವಿಧಿ ಅನ್ವಯವಾಯಿತು. ಅಂಥ ದಿನ ಶ್ರಾವಕನು ಮಾಡಬೇಕಾದುದು ಎರಡೇ: ಬಲಿಪೂಜೆಗೆ ಹಾಜರಾಗುವುದು, ದೇಹಶ್ರಮದ ಕೆಲಸವನ್ನು ಬಿಡುವುದು. ಮೆರವಣಿಗೆಯಲ್ಲಿ ನಡೆಯಬೇಕೆಂದು ಸಾಮಾನ್ಯ ಧರ್ಮಶಾಸನ ಎಂದೂ ಎಲ್ಲರನ್ನೂ ಕಟ್ಟುಪಡಿಸಲಿಲ್ಲ. ಪೋರ್ಚುಗಲ್ಲಿನ ನಗರಗಳಲ್ಲಿ ಕಸುಬಿನ ಸಂಘಗಳು ಈ ಮೆರವಣಿಗೆಗೆ ಬರಲೇಬೇಕೆಂಬ ಕಟ್ಟಳೆ ಇದ್ದುದು ನಿಜ. ಅದು ಪುರಸಭೆಯ ಕಟ್ಟಳೆ. ಹಾಗಾದರೆ ಗೋವೆಯಲ್ಲಿ ಮಳೆ ಅಡ್ಡಿಪಡಿಸಿದ್ದು ಯಾವುದನ್ನು? ಬಲಿಪೂಜೆಯನ್ನಲ್ಲ, ಅದು ಚರ್ಚಿನ ಮಾಡಿನ ಕೆಳಗೆ ಜೂನ್ ತಿಂಗಳಲ್ಲೂ ನಡೆಯಬಲ್ಲುದು. ಅಡ್ಡಿಯಾದದ್ದು ಬೀದಿಯ ಆಚರಣೆಗೆ. ಬಾಧ್ಯತೆಗೆ ಸೇರದ ಅಂಗಕ್ಕಾಗಿ ದಿನವನ್ನು ಕದಲಿಸಿದರು. ಹಬ್ಬದ ಅರ್ಥಕ್ಕೆ ಸೇರಿದ ಗುರುವಾರವನ್ನು ಬಿಡಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅದಕ್ಕೂ ಮೊದಲು ಬಾಧ್ಯತೆಯ ಹಬ್ಬಗಳ ಪಟ್ಟಿಯೇ ಮೇಲಿಂದ ಮೇಲೆ ಹಿಗ್ಗಿ ಕುಗ್ಗಿದ್ದುಂಟು. ಸ್ಪೇನಿನ ಅಧೀನವಾಗಿದ್ದ ಅಮೆರಿಕದ ಮೂಲನಿವಾಸಿಗಳಿಗೆ ಮೂರನೆಯ ಪೌಲ್ ಪೋಪನು 1537ರಲ್ಲಿ ಪಟ್ಟಿಯನ್ನು ಬಹಳ ಕಡಿಮೆ ಮಾಡಿದನು. ಆಗಲೂ ಸ್ವರ್ಗಾರೋಹಣ, ಪರಮಪ್ರಸಾದ ಎರಡನ್ನೂ ಉಳಿಸಿದನು. 1642ರಲ್ಲಿ ಎಂಟನೆಯ ಅರ್ಬನ್ ಪೋಪನು ಗೊತ್ತುಪಡಿಸಿದ ಹಬ್ಬಗಳು, ಭಾನುವಾರಗಳನ್ನು ಬಿಟ್ಟು, ಮೂವತ್ತಕ್ಕೂ ಹೆಚ್ಚು. 1911ರಲ್ಲಿ ಹತ್ತನೆಯ ಪಿಯುಸ್ ಪೋಪನು ಅವನ್ನು ಎಂಟಕ್ಕೆ ಇಳಿಸಿದಾಗ ಪರಮಪ್ರಸಾದದ ಗುರುವಾರ ಪಟ್ಟಿಯಿಂದ ಬಿದ್ದುಹೋಯಿತು. 1917ರ ಧರ್ಮಸಂಹಿತೆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿ ಅದನ್ನು ಮರಳಿ ಸೇರಿಸಿತು. ಆರೇ ವರ್ಷಗಳಲ್ಲಿ ಕಡ್ಡಾಯವು ಹೋಗಿ ಬಂತು. ಹಬ್ಬ ಮಾತ್ರ ಇದ್ದಲ್ಲೇ ಇತ್ತು. ಹಬ್ಬ ಬೇರೆ, ಬಾಧ್ಯತೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1970ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಪೂಜಾಪಂಚಾಂಗದ ನಿಯಮ ಇವೆರಡನ್ನೂ ಹೊಸ ರೀತಿಯಲ್ಲಿ ಬೆಸೆಯಿತು. ಪರಮಪ್ರಸಾದದ ಹಬ್ಬ ಎಲ್ಲಿ ಬಾಧ್ಯತೆಯ ದಿನವಲ್ಲವೋ ಅಲ್ಲಿ ಅದನ್ನು ಮುಂದಿನ ಭಾನುವಾರಕ್ಕೆ ಸೇರಿಸಬೇಕು, ಸ್ವರ್ಗಾರೋಹಣಕ್ಕೂ ಹಾಗೆಯೇ. 1983ರ ಧರ್ಮಸಂಹಿತೆ, ರೋಮಿನ ಒಪ್ಪಿಗೆ ಪಡೆದು ಹೀಗೆ ವರ್ಗಾಯಿಸುವ ಅಧಿಕಾರವನ್ನು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಲಿಗಳಿಗೆ ಕೊಟ್ಟಿತು. ಈಗ ಗುರುವಾರಕ್ಕೆ ಅಡ್ಡಿಯಾದದ್ದು ಕಚೇರಿ, ಕಾರ್ಖಾನೆ, ಶಾಲೆಗಳ ವೇಳಾಪಟ್ಟಿ. ಇಟಲಿ ಸರ್ಕಾರ 1977ರಲ್ಲಿ ಈ ಎರಡು ಗುರುವಾರಗಳ ರಜೆಯನ್ನು ರದ್ದುಮಾಡಿದೊಡನೆ ಅಲ್ಲಿ ಹಬ್ಬಗಳು ಭಾನುವಾರಕ್ಕೆ ಸರಿದವು. ಪೋರ್ಚುಗಲ್ಲಿನಲ್ಲಿ ಆರ್ಥಿಕ ಸಂಕಟದ ಕಾಲದಲ್ಲಿ, 2013ರಿಂದ, ಪರಮಪ್ರಸಾದದ ಗುರುವಾರದ ರಜೆ ನಿಂತಿತು; 2016ರಲ್ಲಿ ರಜೆ ಮರಳಿತು, ಗುರುವಾರವೂ ಮರಳಿತು. ಒಂದು ಕಾಲಕ್ಕೆ ಗೋವೆಯ ಮಳೆಗಾಗಿ ಹಬ್ಬ ಕದಲಿದ್ದ ರಾಜ್ಯದ ಮೂಲನೆಲದಲ್ಲೇ ಅದು ಖಜಾನೆಗಾಗಿ ಕದಲಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಧರ್ಮಾಧ್ಯಕ್ಷರು 2006ರಲ್ಲಿ ಎರಡನ್ನೂ ಭಾನುವಾರಕ್ಕೆ ಹಾಕಿ, 2017ರಲ್ಲಿ ಸ್ವರ್ಗಾರೋಹಣವನ್ನು ಮಾತ್ರ ಗುರುವಾರಕ್ಕೆ ಹಿಂದಿರುಗಿಸಲು ತೀರ್ಮಾನಿಸಿದರು. ಭಾರತದ ಲ್ಯಾಟಿನ್ ಸಂಪ್ರದಾಯದವರಿಗೆ ಈಗ ಎರಡೂ ಭಾನುವಾರವೇ.

ಹೀಗೆ ಶಾಶ್ವತವಾಗಿ ವರ್ಗವಾದಾಗ ಶ್ರಾವಕನಿಗೆ ತೊಡಕಿಲ್ಲ. ಭಾನುವಾರದ ಬಲಿಪೂಜೆಗೆ ಅವನು ಹೇಗೂ ಬಾಧ್ಯನು. ಹಬ್ಬದ ಬಾಧ್ಯತೆ ಅದರಲ್ಲೇ ಅಡಗುತ್ತದೆ. ಗುರುವಾರ ಉಳಿದಿರುವ ದೇಶಗಳಲ್ಲಿ ಗುರುವಾರದ ಯಾವುದೇ ಬಲಿಪೂಜೆಗೆ, ಇಲ್ಲವೆ ಬುಧವಾರ ಸಂಜೆಯ ಪೂಜೆಗೆ ಹೋದರೆ ಸಾಕು. ಮುನ್ನಾದಿನದ ಸಂಜೆಯನ್ನು ಲೆಕ್ಕಕ್ಕೆ ಹಿಡಿಯುವ ಈ ಪದ್ಧತಿ 1960ರ ದಶಕದ ಅನುಮತಿಗಳಿಂದ ಬೆಳೆದು 1983ರ ಸಂಹಿತೆಯಲ್ಲಿ ನೆಲೆಗೊಂಡಿತು.

ತೊಡಕು ಹುಟ್ಟುವುದು ಹಬ್ಬ ಒಂದು ವರ್ಷದ ಮಟ್ಟಿಗೆ ಮಾತ್ರ ಸರಿದಾಗ. 2024ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದ ದಿನ, ಭಾನುವಾರವಾಗಿತ್ತು. ಆಗಮನಕಾಲದ ಭಾನುವಾರ ಅದಕ್ಕಿಂತ ಮೇಲಿನ ದರ್ಜೆಯದಾದುದರಿಂದ ಸ್ಥಿರವಾದ ಆ ಹಬ್ಬವೂ ಆ ವರ್ಷ ಚಲವಾಗಿ, ಅಮೆರಿಕದಲ್ಲಿ ಸೋಮವಾರಕ್ಕೆ ಸರಿಯಿತು. ಬಾಧ್ಯತೆ ಹಿಂಬಾಲಿಸುವುದಿಲ್ಲವೆಂಬುದು ಅಲ್ಲಿನ ರೂಢಿ. ರೋಮಿನ ಶಾಸನಪಠ್ಯಗಳ ಇಲಾಖೆ 2024ರ ಸೆಪ್ಟೆಂಬರ್ 4ರ ಉತ್ತರದಲ್ಲಿ, ಹಿಂಬಾಲಿಸುತ್ತದೆ ಎಂದಿತು. ಜನರು ಎರಡು ದಿನ ಒಂದರ ಮೇಲೊಂದು ಬಲಿಪೂಜೆಗೆ ಹೋಗಬೇಕಾಗಿ ಬಂತು. ಭಾನುವಾರ ಸಂಜೆಯ ಒಂದೇ ಪೂಜೆಯಿಂದ ಎರಡು ಬಾಧ್ಯತೆಗಳನ್ನೂ ತೀರಿಸುವಂತಿರಲಿಲ್ಲ. ಕೆಲವು ಧರ್ಮಾಧ್ಯಕ್ಷರು ಅಂದಿನ ಮಟ್ಟಿಗೆ ವಿನಾಯಿತಿ ಕೊಟ್ಟರು. 2025ರ ಜನವರಿಯಲ್ಲಿ ದೈವಾರಾಧನೆಯ ಇಲಾಖೆ ಹೊರಡಿಸಿದ ಪ್ರಕಟಣೆ, ಇಂಥ ಸಾಂದರ್ಭಿಕ ವರ್ಗಾವಣೆಯಲ್ಲಿ ಬಾಧ್ಯತೆ ಸರಿಯುವುದಿಲ್ಲವೆಂದಿತು. ಏಕಾದಶಿ ಎರಡು ದಿನಗಳಿಗೆ ಹಬ್ಬಿದಾಗ ಸ್ಮಾರ್ತರಿಗೊಂದು, ಭಾಗವತರಿಗೊಂದು ಉಪವಾಸವನ್ನು ಹೇಳುವ ನಮ್ಮ ನಿರ್ಣಯಗ್ರಂಥಗಳ ನೆನಪಾಗದಿರದು. ಅಂಥವುಗಳಲ್ಲಿ ಪ್ರಸಿದ್ಧವಾದ ಕಮಲಾಕರಭಟ್ಟನ ನಿರ್ಣಯಸಿಂಧು ಮುಗಿದದ್ದು 1612ರಲ್ಲಿ, ದೆಲ್ಲಾ ವಾಲೆ ಗೋವೆಗೆ ಬರುವುದಕ್ಕೆ ಕೇವಲ ಹನ್ನೊಂದು ವರ್ಷ ಮೊದಲು.

ಎರಡು ಉತ್ತರಗಳಲ್ಲಿ ನಮಗೆ ಎರಡನೆಯದೇ ಇತಿಹಾಸಕ್ಕೆ ಹತ್ತಿರವಾಗಿ ತೋರುತ್ತದೆ. 1911ರಲ್ಲಿ ಹಬ್ಬ ಕದಲದೆ ಬಾಧ್ಯತೆ ಕಳಚಿತು. ಇವೆರಡೂ ಒಂದೇ ಆಗಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಬಾಧ್ಯತೆಯನ್ನು ಹಗುರಗೊಳಿಸಲೆಂದು ಹಬ್ಬವನ್ನೇ ಭಾನುವಾರಕ್ಕೆ ಒಯ್ದವರು, ಮಳೆಗೆ ಮಣಿದ ಗೋವೆಯವರೂ ಬಿಡದ ಗುರುವಾರವನ್ನು ಬಿಟ್ಟರು. ಲೀಜ್ ಪಟ್ಟಣದಲ್ಲಿ ಹಬ್ಬ ಹುಟ್ಟಿದ್ದೇ ಆ ವಾರಕ್ಕಾಗಿ.

ಇಂದು ಗೋವೆಯಲ್ಲಿಯೂ ಮಂಗಳೂರಿನಲ್ಲಿಯೂ ಈ ಹಬ್ಬ ಬಹುಪಾಲು ವರ್ಷಗಳಲ್ಲಿ ಜೂನ್ ತಿಂಗಳ ಭಾನುವಾರ, ಮುಂಗಾರಿನ ನಡುವೆ ಬರುತ್ತದೆ. ಮಂಗಳೂರಿನ ಕಥೋಲಿಕರು ಪರಮಪ್ರಸಾದದ ವಾರ್ಷಿಕ ಮೆರವಣಿಗೆಯನ್ನು ಬೀದಿಗೆ ತರುವುದು ಜನವರಿಯಲ್ಲಿ.