ದೊಡ್ಡ ಡೌನ್‌ಲೋಡ್ ಹಾಕಿದಾಗ ಇಂಟರ್ನೆಟ್ ಕಡಿದುಹೋಗುತ್ತಿದೆಯೇ? ಲಂಡನ್ ಕನ್ನಡಿಗರಿಗೊಂದು ಕೈಪಿಡಿ



ವಾರಾಂತ್ಯ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಬ್ರಾಡ್‌ಬ್ಯಾಂಡ್ ಮೇಲೆ ಎಲ್ಲರ ಕಣ್ಣು. ಊರಿನಲ್ಲಿರುವ ಅಪ್ಪ ಅಮ್ಮನ ಜೊತೆ ವಿಡಿಯೋ ಮಾತುಕತೆ, ಮಕ್ಕಳ ಆನ್‌ಲೈನ್ ಕನ್ನಡ ತರಗತಿ, ಮುಗಿಯದೆ ಉಳಿದ ಆಫೀಸ್ ಕೆಲಸ, ಎಲ್ಲವೂ ಅದರ ಮೇಲೆಯೇ. ಯಾರೋ ಒಬ್ಬರು 100 ಗಿಗಾಬೈಟ್‌ನ ಆಟವೊಂದನ್ನು ಇಳಿಸಲು ಶುರುಮಾಡಿದರೆ ಸಾಕು, ಅಮ್ಮನ ಮುಖ ಪರದೆಯ ಮೇಲೆ ನಿಂತುಬಿಡುತ್ತದೆ. "ಇಂಟರ್ನೆಟ್ ಹೋಯ್ತು" ಎಂದು ಕೂಗಿ, ರೂಟರ್ ಆರಿಸಿ ಹೊತ್ತಿಸಿ, ಕೊನೆಗೆ ಬೇಸತ್ತು ಇನ್ನೂ ದುಬಾರಿ ಪ್ಯಾಕೇಜಿಗೆ ಎರಡು ವರ್ಷದ ಒಪ್ಪಂದ ಮಾಡಿಕೊಳ್ಳುವವರೇ ಹೆಚ್ಚು. ಬಹಳ ಸಲ ಆ ಹಣ ವ್ಯರ್ಥ. "ಹೋಯ್ತು" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ, ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಹೋಗಿದ್ದು ಯಾವುದು ಎಂದು ಕಂಡುಕೊಳ್ಳಿ.

ನಿಮ್ಮ ಮನೆಗೆ ಬರುವುದು ಯಾವ ಸಂಪರ್ಕ?

ಲಂಡನ್ನಿನಲ್ಲಿ ಸಾಮಾನ್ಯವಾಗಿ ಮೂರು ಬಗೆ ಕಾಣಸಿಗುತ್ತವೆ.

1. ತಾಮ್ರದ ಟೆಲಿಫೋನ್ ತಂತಿ: ಬೀದಿಯ ಹಸಿರು ಪೆಟ್ಟಿಗೆಯವರೆಗೆ ಫೈಬರ್, ಅಲ್ಲಿಂದ ಮನೆಗೆ ಓಪನ್‌ರೀಚ್‌ನ ತಾಮ್ರದ ತಂತಿ. ಬಿಟಿ, ಸ್ಕೈ, ಟಾಕ್‌ಟಾಕ್ ಮುಂತಾದ ಹಲವು ಕಂಪನಿಗಳು ಮಾರುವುದು ಇದೇ ತಂತಿಯ ಸೇವೆಯನ್ನು. ಗರಿಷ್ಠ ವೇಗ ಇಳಿಕೆಗೆ 80 ಮೆಗಾಬಿಟ್, ಏರಿಕೆಗೆ 20 ಮೆಗಾಬಿಟ್.
2. ಕೇಬಲ್: ವರ್ಜಿನ್ ಮೀಡಿಯಾದ ಸ್ವಂತ ಜಾಲ. ಟಿವಿ ಕೇಬಲ್‌ನಂಥ ದಪ್ಪ ತಂತಿ.
3. ಪೂರ್ಣ ಫೈಬರ್: ಓಪನ್‌ರೀಚ್, ಕಮ್ಯುನಿಟಿ ಫೈಬರ್ ಮೊದಲಾದವರದು. ಮನೆಯೊಳಗೇ ಗಾಜಿನ ಎಳೆ ಬರುತ್ತದೆ.

ಇಪ್ಪತ್ತು ನಿಮಿಷದ ಪರೀಕ್ಷೆ

ಒಂದು ಲ್ಯಾಪ್‌ಟಾಪನ್ನು ಈಥರ್ನೆಟ್ ತಂತಿಯಿಂದ ನೇರವಾಗಿ ರೂಟರಿಗೆ ಸಿಕ್ಕಿಸಿ. ಇನ್ನೊಂದನ್ನು ವೈ-ಫೈನಲ್ಲೇ ಬಿಡಿ. ಎರಡರಲ್ಲೂ ಎರಡೆರಡು ಕಮಾಂಡ್ ಕಿಟಕಿ ತೆರೆದು "ಪಿಂಗ್" ಓಡಿಸಿ. ಒಂದು ಕಿಟಕಿಯಲ್ಲಿ ರೂಟರಿನ ವಿಳಾಸಕ್ಕೆ (ಬಿಟಿ ಹಬ್ ಆದರೆ 192.168.1.254, ಸ್ಕೈ ಮತ್ತು ವರ್ಜಿನ್ ಆದರೆ ಸಾಮಾನ್ಯವಾಗಿ 192.168.0.1), ಇನ್ನೊಂದರಲ್ಲಿ ಹೊರಗಿನ 8.8.8.8 ವಿಳಾಸಕ್ಕೆ. ಈಗ ದೊಡ್ಡದೊಂದು ಡೌನ್‌ಲೋಡ್ ಶುರುಮಾಡಿ, ರೂಟರಿನ ದೀಪಗಳನ್ನೂ ಗಮನಿಸುತ್ತಿರಿ.

- ರೂಟರಿನಿಂದ ಉತ್ತರ ಬರುತ್ತಿದೆ, ಹೊರಗಿನಿಂದ ಪೂರಾ ನಿಂತಿದೆ, ಬ್ರಾಡ್‌ಬ್ಯಾಂಡ್ ದೀಪವೂ ಆರಿದೆ: ಬಿದ್ದಿದ್ದು ಲೈನ್.
- ತಂತಿಯ ಲ್ಯಾಪ್‌ಟಾಪಿಗೂ ರೂಟರ್ ಉತ್ತರಿಸುತ್ತಿಲ್ಲ, ಅಥವಾ ದೀಪಗಳೆಲ್ಲ ಆರಿ ಮತ್ತೆ ಹೊತ್ತಿಕೊಳ್ಳುತ್ತಿವೆ: ಬಿದ್ದಿದ್ದು ರೂಟರ್.
- ತಂತಿಯಲ್ಲಿ ಎಲ್ಲ ಸರಿಯಿದೆ, ವೈ-ಫೈನಲ್ಲಿ ಮಾತ್ರ ತಪ್ಪುತ್ತಿದೆ: ಬಿದ್ದಿದ್ದು ವೈ-ಫೈ.
- ಎಲ್ಲ ಉತ್ತರಗಳೂ ಬರುತ್ತಿವೆ, ಆದರೆ ಹೊರಗಿನ ಉತ್ತರ 20 ಮಿಲಿಸೆಕೆಂಡ್ ಇದ್ದದ್ದು ನೂರಾರು ಮಿಲಿಸೆಕೆಂಡಿಗೆ ಏರಿದೆ: ಏನೂ ಬಿದ್ದಿಲ್ಲ, ಸಾಲು ಉದ್ದವಾಗಿದೆ.

ಲೈನ್ ಬೀಳುತ್ತಿದ್ದರೆ

ಒಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ನೀವು ಡೌನ್‌ಲೋಡ್ ಮಾಡಲಿ ಬಿಡಲಿ, ತಾಮ್ರದ ತಂತಿಯ ಮೇಲೆ ಸಂಕೇತ ಸಾಮಾನ್ಯವಾಗಿ ಒಂದೇ ಸಮನೆ ಹರಿಯುತ್ತಿರುತ್ತದೆ. ಹಾಗಾಗಿ ಡೌನ್‌ಲೋಡಿನ ಭಾರಕ್ಕೇ ಲೈನ್ ಕಡಿಯುವುದು ಅಪರೂಪ. ಭಾರ ಬಿದ್ದಾಗಲೇ ಕಡಿಯುತ್ತದೆ ಎನಿಸಲು ಕಾರಣ ಹೊತ್ತು. ನಾವು ಡೌನ್‌ಲೋಡ್ ಹಾಕುವುದು ಸಂಜೆ, ಮನೆಮನೆಯ ದೀಪ, ಟಿವಿ, ಅಗ್ಗದ ಚಾರ್ಜರ್‌ಗಳು ವಿದ್ಯುತ್ ಗದ್ದಲ ಎಬ್ಬಿಸುವುದೂ ಸಂಜೆಯೇ. ಡೌನ್‌ಲೋಡ್ ಇಲ್ಲದ ಸಂಜೆಯೂ ಲೈನ್ ಬೀಳುತ್ತದೆಯೇ ಎಂದು ಒಂದೆರಡು ದಿನ ಬರೆದಿಡಿ.

ಹ್ಯಾರೋ, ಇಲ್ಫರ್ಡ್, ಕ್ರಾಯ್ಡನ್ ಕಡೆಯ ಹಳೆಯ ಮನೆಗಳಲ್ಲಿ ಹಿಂದಿನ ಮಾಲೀಕರು ಕೋಣೆಕೋಣೆಗೂ ಎಳೆದ ಟೆಲಿಫೋನ್ ತಂತಿಗಳು ಇನ್ನೂ ಗೋಡೆಯಲ್ಲೇ ಇರಬಹುದು. ಅವು ಆಂಟೆನಾದಂತೆ ಗದ್ದಲವನ್ನು ಹಿಡಿದು ತರುತ್ತವೆ. ಹಳೆಯ ಫೋನುಗಳ ಗಂಟೆ ಬಾರಿಸಲೆಂದು 3ನೇ ತುದಿಗೆ ಕಟ್ಟಿದ ತಂತಿಯದಂತೂ ದೊಡ್ಡ ಪಾಲು. ಪರೀಕ್ಷೆ ಸುಲಭ. ಮಾಸ್ಟರ್ ಸಾಕೆಟ್ಟಿನ ಮುಂಭಾಗದ ಫಲಕ ತೆಗೆದರೆ ಒಳಗೆ ಟೆಸ್ಟ್ ಸಾಕೆಟ್ ಇರುತ್ತದೆ. ಹೊಸ ಫಿಲ್ಟರ್ ಹಾಕಿ ರೂಟರನ್ನು ಅಲ್ಲಿಗೇ ಸಿಕ್ಕಿಸಿ. ತೊಂದರೆ ನಿಂತರೆ ದೋಷ ನಿಮ್ಮ ಮನೆಯ ತಂತಿಯಲ್ಲಿದೆ. ನಿಲ್ಲದಿದ್ದರೆ ಹೊರಗಿದೆ, ಕಂಪನಿಗೆ ಹೇಳಿ. ಸಾಕೆಟ್ಟಿನ ಹಿಂಭಾಗದ, ಅಂದರೆ ಬೀದಿಯಿಂದ ಬರುವ ತಂತಿಯನ್ನು ಮಾತ್ರ ಮುಟ್ಟಬೇಡಿ.

ತಾಮ್ರದ ತಂತಿಯಲ್ಲಿ ಹಳೆಯ ರೀತಿಯ ಫೋನ್ ಇನ್ನೂ ಇದ್ದರೆ 17070 ಒತ್ತಿ, 2 ಆರಿಸಿ ಕೇಳಿ. ಗರಗರ ಸದ್ದು ಬಂದರೆ ತಂತಿ ಎಲ್ಲೋ ಹಾಳಾಗಿದೆ ಎಂದರ್ಥ.

ರೂಟರನ್ನು ಪದೇ ಪದೇ ಆರಿಸಿ ಹೊತ್ತಿಸಬೇಡಿ. ಲೈನ್ ಬಹಳ ಸಲ ಕಡಿದಂತೆ ಕಂಡರೆ ಓಪನ್‌ರೀಚ್‌ನ ಸ್ವಯಂಚಾಲಿತ ವ್ಯವಸ್ಥೆ ಅದನ್ನು ಅಸ್ಥಿರವೆಂದು ಬಗೆದು ವೇಗವನ್ನೇ ಇಳಿಸಬಹುದು.

ಕೇಬಲ್ ಸಂಪರ್ಕದವರು ರೂಟರಿನ ಹಿಂದೆಯೂ ಗೋಡೆಯ ಬಳಿಯೂ ತಿರುಪು ಜೋಡಣೆಗಳನ್ನು ಕೈಯಿಂದಲೇ ಬಿಗಿಮಾಡಿ, ಬೇಡದ ಸ್ಪ್ಲಿಟರ್ ತೆಗೆಯಿರಿ. ಓಪನ್‌ರೀಚ್ ಪೂರ್ಣ ಫೈಬರ್‌ನವರು ಗೋಡೆಯ ಪುಟ್ಟ ಪೆಟ್ಟಿಗೆಯನ್ನು ನೋಡಿ. ಕೆಂಪು ದೀಪ ಉರಿದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ. ಅದು ಎಂಜಿನಿಯರ್ ಕೆಲಸ.

ರೂಟರ್ ಬೀಳುತ್ತಿದ್ದರೆ

ನಿಜವಾಗಿ ಭಾರಕ್ಕೆ ಸೋಲುವುದು ಇದೇ. ಮೂರು ಕಾರಣಗಳನ್ನು ನೋಡಿ. ಒಂದು, ಬಿಸಿ: ಟಿವಿ ಹಿಂದೆ, ಬೀರುವಿನೊಳಗೆ, ರೇಡಿಯೇಟರ್ ಮೇಲಿಟ್ಟ ರೂಟರಿಗೆ ಗಾಳಿಯಾಡುವುದಿಲ್ಲ. ಎರಡು, ಸೊರಗಿದ ಅಡಾಪ್ಟರ್: ಭಾರ ಬಿದ್ದಾಗ ಬೇಕಾದಷ್ಟು ವಿದ್ಯುತ್ ಕೊಡಲಾರದು. ಮೂರು, ಟೊರೆಂಟ್: ಏಕಕಾಲಕ್ಕೆ ನೂರಾರು ಸಂಪರ್ಕ ತೆರೆಯುವುದರಿಂದ ಅಗ್ಗದ ರೂಟರಿನ ನೆನಪು ತುಂಬಿ ಸ್ತಬ್ಧವಾಗುತ್ತದೆ. ಟೊರೆಂಟ್ ತಂತ್ರಾಂಶದಲ್ಲೇ ಸಂಪರ್ಕಗಳ ಸಂಖ್ಯೆಗೆ ಮಿತಿ ಹಾಕಬಹುದು.

ವೈ-ಫೈ ಬೀಳುತ್ತಿದ್ದರೆ

ಫ್ಲಾಟುಗಳಲ್ಲಿ ಹತ್ತಿಪ್ಪತ್ತು ನೆರೆಹೊರೆಯವರ ವೈ-ಫೈ ಒಂದೇ ಗಾಳಿಯಲ್ಲಿ ಕಿತ್ತಾಡುತ್ತಿರುತ್ತವೆ. 2.4 ಗಿಗಾಹರ್ಟ್ಸ್ ಬಳಸುವವರು 1, 6, 11ನೇ ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿ. ಅಡುಗೆಮನೆಯ ಮೈಕ್ರೋವೇವ್ ಒಲೆಯ ಗದ್ದಲವೂ ಇದೇ ಅಲೆಗೆ ಬರುತ್ತದೆ. ಸಾಧ್ಯವಾದರೆ 5 ಗಿಗಾಹರ್ಟ್ಸ್‌ಗೆ ಹೋಗಿ. ಆದರೆ ಅದರ 52ರಿಂದ ಮುಂದಿನ ಹಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸುಳಿವು ಸಿಕ್ಕೊಡನೆ ರೂಟರ್ ಆ ಜಾಗ ಬಿಟ್ಟುಕೊಡಬೇಕೆಂಬುದು ನಿಯಮ. ಆಗ ವೈ-ಫೈ ಕೆಲ ಹೊತ್ತು ಮಾಯ! 36ರಿಂದ 48ರ ಚಾನೆಲ್‌ಗಳಿಗೆ ಈ ಕಾಟವಿಲ್ಲ. ಕೆಲಸದ ಮೇಜಿಗೂ ಆಟದ ಯಂತ್ರಕ್ಕೂ ಒಂದೊಂದು ಈಥರ್ನೆಟ್ ತಂತಿ ಎಳೆದರೆ ಇನ್ನೂ ಉತ್ತಮ.

ಏನೂ ಬೀಳದೆ ಸಾಲು ಉದ್ದವಾಗಿದ್ದರೆ

ಮೆಜೆಸ್ಟಿಕ್ ಬಸ್ ನಿಲ್ದಾಣದ ಕೌಂಟರಿನಲ್ಲಿ ಒಬ್ಬನೇ ಇನ್ನೂರು ಟಿಕೆಟ್ ಕೊಳ್ಳಲು ನಿಂತರೆ, ಹಿಂದೆ ಒಂದೇ ಟಿಕೆಟ್ ಬೇಕಾದವನ ಗತಿ ಏನು? ದೊಡ್ಡ ಡೌನ್‌ಲೋಡಿನ ಹಿಂದೆ ಸಿಕ್ಕಿಕೊಂಡ ವಿಡಿಯೋ ಕರೆಯ ಗತಿಯೂ ಅದೇ. ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಫಾಸ್ಟ್ ಡಾಟ್ ಕಾಮ್ ತಾಣದಲ್ಲಿ ಹೆಚ್ಚಿನ ವಿವರ ತೆರೆದರೆ ಭಾರವಿಲ್ಲದಾಗಿನ ಮತ್ತು ಭಾರವಿದ್ದಾಗಿನ ವಿಳಂಬ ಎರಡೂ ಕಾಣುತ್ತವೆ. ಎರಡರ ನಡುವೆ ಅಜಗಜಾಂತರ ಇದ್ದರೆ ನಿಮ್ಮ ತೊಂದರೆ ಇದೇ.

ಏರಿಕೆಯ ದಾರಿಯನ್ನೂ ಮರೆಯಬೇಡಿ. ಯುಗಾದಿಯಂದು ತೆಗೆದ ಮುನ್ನೂರು ಫೋಟೋಗಳನ್ನು ಫೋನ್ ತಾನಾಗಿಯೇ ಕ್ಲೌಡಿಗೆ ಕಳಿಸುತ್ತಿದ್ದರೆ ಕಿರಿದಾದ ಆ ದಾರಿ ತುಂಬುತ್ತದೆ. ಇಳಿಕೆಯ ಪ್ರತಿ ಕಂತಿಗೂ "ತಲುಪಿತು" ಎಂಬ ಉತ್ತರ ಹೋಗಬೇಕಾದ್ದೂ ಅದೇ ದಾರಿಯಲ್ಲಿ, ಹೀಗಾಗಿ ಇಳಿಕೆಯೂ ಕುಂಟುತ್ತದೆ.

ಪರಿಹಾರಗಳು:

1. ಮಿತಿ ಹಾಕಿ. ಸ್ಟೀಮ್ ಮತ್ತು ವಿಂಡೋಸ್ ಅಪ್‌ಡೇಟ್ ಎರಡರಲ್ಲೂ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕುವ ಸೌಲಭ್ಯವಿದೆ.
2. ಹೊತ್ತು ಬದಲಿಸಿ. 80 ಮೆಗಾಬಿಟ್ ಲೈನಿನಲ್ಲಿ 100 ಗಿಗಾಬೈಟ್ ಇಳಿಯಲು ಸುಮಾರು ಮೂರು ಗಂಟೆ ಬೇಕು. ಮಲಗುವ ಮುಂಚೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಮುಗಿದಿರುತ್ತದೆ.
3. ಸಾಲು ನಿಭಾಯಿಸುವ ರೂಟರ್ ಕೊಳ್ಳಿ. ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಎಂಬ ವಿಧಾನವಿರುವ ರೂಟರ್ ಪ್ರತಿ ಕೆಲಸಕ್ಕೂ ಬೇರೆ ಸಾಲು ಮಾಡುತ್ತದೆ. ಅದಕ್ಕೆ ನಿಮ್ಮ ನಿಜ ವೇಗದ ಶೇಕಡಾ 90ರಷ್ಟನ್ನು ಮಿತಿಯಾಗಿ ಕೊಡಿ. ವೇಗ ತುಸು ಇಳಿದರೂ ಮಾತುಕತೆ ತುಂಡಾಗುವುದಿಲ್ಲ.

ಕಂಪನಿಯೊಂದಿಗೆ ವ್ಯವಹಾರ

ಕಡಿದ ದಿನ, ಹೊತ್ತು, ದೀಪದ ಬಣ್ಣ, ತಂತಿಯಲ್ಲಿ ಮತ್ತು ಟೆಸ್ಟ್ ಸಾಕೆಟ್ಟಿನಲ್ಲಿ ಮಾಡಿದ ಪರೀಕ್ಷೆಯ ಫಲ, ಇವಿಷ್ಟನ್ನು ಬರೆದಿಟ್ಟುಕೊಂಡು ಫೋನ್ ಮಾಡಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಆಫ್‌ಕಾಮ್‌ನ ವೇಗ ಸಂಹಿತೆಗೆ ಒಪ್ಪಿರುವ ಕಂಪನಿ ಒಪ್ಪಂದಕ್ಕೆ ಮುನ್ನವೇ ಕನಿಷ್ಠ ಖಾತರಿ ವೇಗವನ್ನು ತಿಳಿಸಬೇಕು. ವೇಗ ಅದಕ್ಕಿಂತ ಇಳಿದರೆ ಸರಿಪಡಿಸಲು 30 ದಿನ. ಆಗದಿದ್ದರೆ ದಂಡವಿಲ್ಲದೆ ಹೊರಬರಬಹುದು. ಈ ಖಾತರಿ ರೂಟರಿನವರೆಗೆ ಮಾತ್ರ, ವೈ-ಫೈಗೆ ಅನ್ವಯಿಸದು. ಸೇವೆ ಪೂರ್ತಿ ನಿಂತು ಎರಡು ಪೂರ್ಣ ಕೆಲಸದ ದಿನಗಳಲ್ಲಿ ಸರಿಯಾಗದಿದ್ದರೆ, 2019ರ ಏಪ್ರಿಲ್‌ನಲ್ಲಿ ಶುರುವಾದ ಸ್ವಯಂ ಪರಿಹಾರ ಯೋಜನೆಗೆ ಸೇರಿದ ಕಂಪನಿಗಳು ದಿನಲೆಕ್ಕದಲ್ಲಿ ಹಣ ಕೊಡುತ್ತವೆ. ಕಂಪನಿ ಬದಲಿಸುವುದಾದರೆ 2024ರ ಸೆಪ್ಟೆಂಬರ್‌ನಿಂದ ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯದನ್ನು ಅವರೇ ನಿಲ್ಲಿಸುತ್ತಾರೆ. ಆದರೆ ಹೊಸ ಕಂಪನಿಯೂ ಅದೇ ತಾಮ್ರದ ತಂತಿಯಲ್ಲೇ ಬರುವುದಾದರೆ, ತಂತಿಯ ದೋಷವೂ ಜೊತೆಗೇ ಬರುತ್ತದೆ.

ಹಿರಿಯರಿರುವ ಮನೆಗಳ ಗಮನಕ್ಕೆ

ಹಳೆಯ ಟೆಲಿಫೋನ್ ಜಾಲವನ್ನು ಮುಚ್ಚುವ ಗಡುವು 2025ರ ಡಿಸೆಂಬರ್‌ನಿಂದ 2027ರ ಜನವರಿಗೆ ಮುಂದೂಡಲ್ಪಟ್ಟಿತು. ಹೊಸ ವ್ಯವಸ್ಥೆಗೆ ಹೋದ ಮನೆಗಳಲ್ಲಿ ಮನೆಫೋನ್ ರೂಟರಿನ ಮೂಲಕವೇ ನಡೆಯುತ್ತದೆ. ಅಂದರೆ ಬ್ರಾಡ್‌ಬ್ಯಾಂಡ್ ಬಿದ್ದರೆ, ಕರೆಂಟ್ ಹೋದರೆ, 999ಕ್ಕೆ ಕರೆಯೂ ಹೋಗದು. ಕೊರಳಿನಲ್ಲಿ ಧರಿಸುವ ತುರ್ತು ಗುಂಡಿಗಳಲ್ಲಿ ಕೆಲವು ಇದೇ ಲೈನನ್ನು ಅವಲಂಬಿಸಿವೆ. ಮನೆಯಲ್ಲಿ ಅಜ್ಜಿ ತಾತ ಇದ್ದರೆ, ಮೊಬೈಲ್ ಸಿಗ್ನಲ್ ಸರಿಯಿಲ್ಲದಿದ್ದರೆ, ಕಂಪನಿಗೆ ಈಗಲೇ ತಿಳಿಸಿ. ಕರೆಂಟ್ ಹೋದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಬಲ್ಲ ಏರ್ಪಾಡನ್ನು ಅಂಥವರಿಗೆ ಉಚಿತವಾಗಿ ಒದಗಿಸುವುದು ಅವರ ಕರ್ತವ್ಯ.

ಈ ಪರೀಕ್ಷೆಗಳನ್ನು ಮಾಡಲು ತಾಂತ್ರಿಕ ಪರಿಣತಿ ಬೇಕಿಲ್ಲ. ಒಂದು ಈಥರ್ನೆಟ್ ತಂತಿ, ಒಂದು ಹಾಳೆ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ನಿಮ್ಮ ಬಂಧುಮಿತ್ರರಲ್ಲಿ ಹೊಸದಾಗಿ ಲಂಡನ್ನಿಗೆ ಬಂದವರಿದ್ದರೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅವರಿಗೂ ಇದನ್ನು ತಿಳಿಸಿ.