ಹಳೆಯ ಕಂಪ್ಯೂಟರ್ ಕೈಕೊಡುವ ಮುನ್ನ ಫೈಲುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಹಾಲ್‌ನ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್. ಸ್ವಿಚ್ ಒತ್ತಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದರೂ ಅದು ಇನ್ನೂ ಪೂರ್ತಿ ಶುರುವಾಗಿರುವುದಿಲ್ಲ. ಈಗ ಬಹುತೇಕ ಕೆಲಸಗಳು ಮೊಬೈಲಿನಲ್ಲೇ ಆಗುವುದರಿಂದ ಅದರ ಹತ್ತಿರ ಯಾರೂ ಅಷ್ಟಾಗಿ ಸುಳಿಯುವುದೂ ಇಲ್ಲ. ಆದರೆ ಮಕ್ಕಳ ನಾಮಕರಣದ ಫೋಟೊ, ಅಜ್ಜಿ ಹೇಳಿದ ಹಾಡಿನ ಧ್ವನಿಮುದ್ರಣ, ಕಾಲೇಜಿನ ಪ್ರಬಂಧ, ಮನೆಪತ್ರದ ಸ್ಕ್ಯಾನ್ ಪ್ರತಿ ಎಲ್ಲವೂ ಅದರಲ್ಲೇ ಇರುತ್ತವೆ. ಎಷ್ಟೋ ಸಲ ಅದೊಂದರಲ್ಲಿ ಮಾತ್ರ ಇರುತ್ತವೆ.

ಕಂಪ್ಯೂಟರ್ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಅದರೊಳಗಿನ ಫೋಟೊಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಮೊದಲು ಫೈಲುಗಳ ಪ್ರತಿ ಮಾಡಿಕೊಳ್ಳಬೇಕು, ರಿಪೇರಿಯ ಮಾತು ಆಮೇಲೆ. ನಮ್ಮಲ್ಲಿ ಬಹಳ ಜನ ಮಾಡುವುದು ಇದರ ತಿರುಗುಮುರುಗು. ಅದು ಏಕೆ ಅಪಾಯ, ಸರಿಯಾದ ದಾರಿ ಯಾವುದು ಎಂದು ನೋಡೋಣ.

ವಯಸ್ಸಾದಂತೆ ಕಂಪ್ಯೂಟರ್ ನಿಧಾನವಾಗುವುದೇಕೆ?

ಮನುಷ್ಯರಿಗೆ ಮಂಡಿ ಸವೆದಂತೆ ಕಂಪ್ಯೂಟರಿನ ಪ್ರಾಸೆಸರ್ ಸವೆದು ನಿಧಾನವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಇದು ನಿಜವಲ್ಲ. ಹತ್ತು ವರ್ಷದ ಹಿಂದೆ ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿತ್ತೋ ಅಷ್ಟೇ ವೇಗವಾಗಿ ಲೆಕ್ಕ ಮಾಡುವ ಶಕ್ತಿ ಅದಕ್ಕೆ ಇಂದೂ ಇರುತ್ತದೆ. ಬದಲಾಗುವುದು ಅದರ ಮೇಲಿನ ಹೊರೆ. ಬ್ರೌಸರ್, ವೈರಸ್ ನಿರೋಧಕ ಮುಂತಾದ ತಂತ್ರಾಂಶಗಳು ಪ್ರತಿ ಆವೃತ್ತಿಯಲ್ಲೂ ದೊಡ್ಡದಾಗುತ್ತ ಹೋಗುತ್ತವೆ. ಅವುಗಳಿಗೆ ಬೇಕಾದಷ್ಟು ರ್‍ಯಾಮ್ ಇಲ್ಲದಿದ್ದಾಗ ಕಂಪ್ಯೂಟರ್ ಹಾರ್ಡ್ ಡಿಸ್ಕಿನ ಒಂದು ಭಾಗವನ್ನೇ ರ್‍ಯಾಮ್‌ನಂತೆ ಬಳಸಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ರ್‍ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನವಾದ್ದರಿಂದ ಎಲ್ಲ ಕೆಲಸವೂ ಕುಂಟುತ್ತದೆ.

ಧೂಳು ಇನ್ನೊಂದು ಕಾರಣ. ಒಳಗಿನ ಫ್ಯಾನಿಗೆ ಧೂಳು ಮೆತ್ತಿಕೊಂಡರೆ ಬಿಸಿ ಹೊರಗೆ ಹೋಗುವುದಿಲ್ಲ. ಆಗ ಪ್ರಾಸೆಸರ್ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಧೂಳು ತೆಗೆದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ.

ಮೂರನೆಯ ಕಾರಣ ಹಾರ್ಡ್ ಡಿಸ್ಕ್. ಕಂಪ್ಯೂಟರಿನಲ್ಲಿ ನಿಜವಾಗಿ ಸವೆಯುವ ಭಾಗಗಳಲ್ಲಿ ಇದೂ ಒಂದು, ಮತ್ತು ನಮ್ಮ ಫೈಲುಗಳೆಲ್ಲ ಇರುವುದು ಇದರಲ್ಲೇ. ಇದರೊಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಮಾಹಿತಿ ಓದುವ ತಲೆ ಆ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಈ ಅಂತರಕ್ಕಿಂತ ಸಾವಿರಾರು ಪಟ್ಟು ಹೆಚ್ಚು! ತಟ್ಟೆಯ ಒಂದು ಜಾಗ ಹಾಳಾದರೆ ಅಲ್ಲಿನ ಮಾಹಿತಿಯನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತದೆ. ಹೊರಗೆ ಕೂತ ನಮಗೆ ಅದು 'ಕಂಪ್ಯೂಟರ್ ಹ್ಯಾಂಗ್ ಆಗಿದೆ' ಎಂದಷ್ಟೇ ಕಾಣಿಸುತ್ತದೆ.

ರಿಫ್ರೆಶ್ ಒತ್ತಿದರೆ ವೇಗ ಹೆಚ್ಚುತ್ತದೆಯೇ?

ಇಲ್ಲ. ಡೆಸ್ಕ್‌ಟಾಪಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ನಾಲ್ಕೈದು ಸಲ ರಿಫ್ರೆಶ್ ಮಾಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ರಿಫ್ರೆಶ್ ಮಾಡಿದಾಗ ಪರದೆಯ ಮೇಲಿನ ಚಿತ್ರಗಳ ಪಟ್ಟಿಯನ್ನು ಕಂಪ್ಯೂಟರ್ ಇನ್ನೊಮ್ಮೆ ಓದಿ ತೋರಿಸುತ್ತದೆ, ಅಷ್ಟೇ. ಅದರಿಂದ ರ್‍ಯಾಮ್ ಖಾಲಿಯಾಗುವುದೂ ಇಲ್ಲ, ಪ್ರಾಸೆಸರ್ ಚುರುಕಾಗುವುದೂ ಇಲ್ಲ.

ಯಾವ ಲಕ್ಷಣ ಕಂಡರೆ ಎಚ್ಚರ ವಹಿಸಬೇಕು?

ಹಳೆಯ ಕಂಪ್ಯೂಟರಿನ ಎಲ್ಲ ತೊಂದರೆಗಳೂ ಒಂದೇ ತೂಕದವಲ್ಲ. ಪ್ರತಿ ಸಲ ಶುರುಮಾಡಿದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದೆಯೇ? ದಿನಾಂಕ ತಪ್ಪಾಗಿರುವುದರಿಂದ ಜಾಲತಾಣಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆಯೂ ಬರುತ್ತಿದೆಯೇ? ಗಾಬರಿ ಬೇಡ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥದ್ದೊಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದು ಸಿಆರ್2032 ಎಂಬ 3 ವೋಲ್ಟ್‌ನ ಬ್ಯಾಟರಿ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಅದನ್ನು ಬದಲಾಯಿಸಿದರೆ ಸಾಕು, ಫೈಲುಗಳಿಗೆ ಯಾವ ಅಪಾಯವೂ ಇಲ್ಲ.

ಹಾರ್ಡ್ ಡಿಸ್ಕಿನಿಂದ 'ಟಕ್ ಟಕ್' ಎಂದೋ ಉಜ್ಜಿದಂತೆಯೋ ಸದ್ದು ಬರುವುದು, ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು, ನಿನ್ನೆ ತೆರೆದ ಫೋಟೊ ಇಂದು ಅರ್ಧ ಮಾತ್ರ ಕಾಣುವುದು: ಇವು ಬೇರೆಯೇ ಬಗೆಯ ಲಕ್ಷಣಗಳು. ಇಂಥವು ಕಂಡರೆ ಡಿಫ್ರ್ಯಾಗ್ ಮಾಡುವುದು, ವಿಂಡೋಸ್ ಮತ್ತೆ ಹಾಕುವುದು, ವೈರಸ್‌ಗಾಗಿ ಇಡೀ ಡಿಸ್ಕನ್ನು ಜಾಲಾಡುವುದು ಬೇಡವೇ ಬೇಡ. ಇವೆಲ್ಲ ಸೋತ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುವ ಕೆಲಸಗಳು. ಉಳಿದಿರುವ ಆಯುಷ್ಯವನ್ನು ಮುಖ್ಯ ಫೈಲುಗಳನ್ನು ಹೊರತೆಗೆಯಲು ಮಾತ್ರ ಬಳಸಬೇಕು. ಟಕ್ ಟಕ್ ಸದ್ದು ನಿಲ್ಲದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ದತ್ತಾಂಶ ಮರಳಿ ಪಡೆದುಕೊಡುವ ತಜ್ಞರನ್ನು ಕಾಣುವುದೇ ಮೇಲು.

ಸತ್ತ ಹಾರ್ಡ್ ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಬದುಕುತ್ತದೆ ಎಂಬ ಮಾತೊಂದು ಬಹಳ ಹಿಂದಿನಿಂದ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುವಂತೆ ತಣ್ಣಗಿನ ಡಿಸ್ಕ್ ಕೂಡ ಬೆವರುತ್ತದೆ. ಆ ತೇವ ತಟ್ಟೆಯ ಮೇಲೆ ಕೂತರೆ, ತಜ್ಞರು ಉಳಿಸಬಹುದಾಗಿದ್ದ ಮಾಹಿತಿಯೂ ಹೋಗಬಹುದು.

ಏನೇನನ್ನು ನಕಲಿಸಬೇಕು?

ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರುಗಳು ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವ ಜಾಗಗಳೆಂದರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, 'ಡಿ' ಮತ್ತು 'ಇ' ಡ್ರೈವ್‌ಗಳು ಹಾಗೂ ಮನೆಯ ಇತರರ ಲಾಗಿನ್‌ಗಳು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ಔಟ್‌ಲುಕ್‌ನಂಥ ತಂತ್ರಾಂಶಕ್ಕೆ ಇಳಿಸಿಕೊಂಡ ಹಳೆಯ ಇಮೇಲ್‌ಗಳು, ಅಂಗಡಿಯ ಲೆಕ್ಕವಿಡುವ ತಂತ್ರಾಂಶದ ದತ್ತಾಂಶ ಇವು ಬೇರೆ ಫೋಲ್ಡರುಗಳಲ್ಲಿ ಅಡಗಿರುತ್ತವೆ. ಆಯಾ ತಂತ್ರಾಂಶದಲ್ಲೇ ಇರುವ ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಆಯ್ಕೆಯ ಮೂಲಕ ಅವನ್ನು ಹೊರತೆಗೆಯಬೇಕು.

ಪ್ರೋಗ್ರಾಮ್ ಫೈಲ್ಸ್ ಫೋಲ್ಡರನ್ನು ನಕಲಿಸಿದರೆ ತಂತ್ರಾಂಶಗಳೂ ಹೊಸ ಕಂಪ್ಯೂಟರಿಗೆ ಬಂದುಬಿಡುತ್ತವೆ ಎನ್ನುವುದು ತಪ್ಪು ಕಲ್ಪನೆ. ತಂತ್ರಾಂಶಗಳನ್ನು ಹೊಸದರಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ಹಣ ಕೊಟ್ಟು ಕೊಂಡಿದ್ದರೆ ಅದರ ಕೀ ಬರೆದಿಟ್ಟುಕೊಳ್ಳಿ.

ಸಾಗಿಸುವುದು ಹೇಗೆ?

ಮನೆಬಳಕೆಗೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಸುಲಭದ ದಾರಿ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಸಾಗುತ್ತದೆ ಎಂದುಕೊಂಡರೆ 100 ಜಿಬಿ ಫೈಲುಗಳಿಗೆ ಸುಮಾರು ಒಂದು ಗಂಟೆ ಬೇಕು. ಸಣ್ಣ ಸಣ್ಣ ಫೈಲುಗಳು ಸಾವಿರಾರು ಇದ್ದರೆ ಇನ್ನೂ ಹೆಚ್ಚು. ಹಾಗಾಗಿ ಬಿಡುವಿನ ದಿನ ನೋಡಿಕೊಂಡು, ಕರೆಂಟ್ ಹೋಗುವ ಭಯವಿದ್ದರೆ ಯುಪಿಎಸ್ ಇಟ್ಟುಕೊಂಡು ಶುರುಮಾಡಿ. ಎಲ್ಲಕ್ಕಿಂತ ಮುಖ್ಯವಾದ ಫೋಲ್ಡರ್ ಮೊದಲು, ಡೌನ್‌ಲೋಡ್ ಮಾಡಿದ ಸಿನಿಮಾಗಳು ಕೊನೆಗೆ.

ಇಲ್ಲಿ ನೆನಪಿಡಬೇಕಾದ ಮಾತುಗಳು ಮೂರು.

1. 'ಕಟ್' ಬೇಡ, 'ಕಾಪಿ' ಮಾಡಿ. ಕಟ್ ಮಾಡಿ ಸಾಗಿಸುವಾಗ ಮಧ್ಯೆ ಕರೆಂಟ್ ಹೋದರೆ ಯಾವ ಫೈಲು ಎಲ್ಲಿದೆ ಎಂಬುದೇ ಗೊಂದಲವಾಗುತ್ತದೆ. ಕಾಪಿ ಮಾಡಿದರೆ ಮೂಲ ಅಲ್ಲೇ ಇರುತ್ತದೆ.

2. 4 ಜಿಬಿಗಿಂತ ದೊಡ್ಡ ವಿಡಿಯೊ ಹೋಗುತ್ತಿಲ್ಲವೇ? ಜಾಗ ಬೇಕಾದಷ್ಟಿದ್ದರೂ ಹೀಗಾಗುವುದುಂಟು. ಪೆನ್‌ಡ್ರೈವ್ 'ಫ್ಯಾಟ್32' ಮಾದರಿಯಲ್ಲಿದ್ದರೆ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಪೆನ್‌ಡ್ರೈವ್ ಖಾಲಿ ಇದ್ದಾಗ ಅದನ್ನು 'ಎಕ್ಸ್‌ಫ್ಯಾಟ್' ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ.

3. ಮುಗಿದ ಮೇಲೆ ತೆರೆದು ನೋಡಿ. ಎರಡೂ ಕಡೆ ಫೈಲುಗಳ ಸಂಖ್ಯೆ, ಗಾತ್ರ ಹೋಲಿಸಿ. ಬೇರೆ ಬೇರೆ ವರ್ಷದ ಕೆಲವು ಫೋಟೊ, ವಿಡಿಯೊಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಹೆಸರು ಕಂಡ ಮಾತ್ರಕ್ಕೆ ಫೈಲು ಸರಿಯಿದೆ ಎಂದರ್ಥವಲ್ಲ.

ವಿಂಡೋಸ್ ಶುರುವಾಗುತ್ತಲೇ ಇಲ್ಲ ಎಂದ ಮಾತ್ರಕ್ಕೆ ಫೈಲುಗಳು ಹೋದವು ಎಂದುಕೊಳ್ಳಬೇಕಿಲ್ಲ. ಡೆಸ್ಕ್‌ಟಾಪ್ ಆದರೆ ಡಿಸ್ಕನ್ನು ಹೊರತೆಗೆದು, ಸೂಕ್ತ ಅಡಾಪ್ಟರ್ ಮೂಲಕ ಇನ್ನೊಂದು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಜೋಡಿಸಬಹುದು. ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ಅದು ಐಡಿಇ, ತೆಳುವಾದ ಕೇಬಲ್ ಇದ್ದರೆ ಸಾಟಾ. ಅದಕ್ಕೆ ತಕ್ಕ ಅಡಾಪ್ಟರನ್ನೇ ಕೊಳ್ಳಿ. ಇನ್ನೊಂದು ದಾರಿ ಎಂದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರುಮಾಡಿ ಫೈಲುಗಳನ್ನು ನಕಲಿಸುವುದು. ಆಗ ಪರದೆಯ ಮೇಲೆ ಬರುವ ಆಯ್ಕೆಗಳಲ್ಲಿ 'ಟ್ರೈ' ಎಂಬುದನ್ನು ಆರಿಸಿ. ತಪ್ಪಿ 'ಇನ್‌ಸ್ಟಾಲ್' ಆರಿಸಿದರೆ ಇದ್ದ ಫೈಲುಗಳು ಅಳಿಸಿಹೋಗಬಹುದು.

ನುಡಿ, ಬರಹ ಫೈಲುಗಳ ಗತಿ ಏನು?

ಕನ್ನಡಿಗರ ಹಳೆಯ ಕಂಪ್ಯೂಟರುಗಳಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಹಿಂದೆ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳಲ್ಲಿ ಟೈಪ್ ಮಾಡಿದ್ದ ಕಥೆ, ಕರಪತ್ರ, ಪ್ರಬಂಧಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣಿಸುತ್ತವೆ. ಫೈಲು ಕೆಟ್ಟಿದೆ ಎಂದು ಹಲವರು ಅದನ್ನು ಅಳಿಸಿಯೇಬಿಡುತ್ತಾರೆ!

ಫೈಲು ಕೆಟ್ಟಿರುವುದಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡ ಅಕ್ಷರಗಳ ಆಕಾರಗಳನ್ನು ಕೂರಿಸಲಾಗುತ್ತಿತ್ತು. ಆ ನಿರ್ದಿಷ್ಟ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಮೂಲ ಸಂಕೇತಗಳಷ್ಟೇ ಕಾಣುತ್ತವೆ.

ಹೀಗಾಗಿ ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಮೂರು ಕೆಲಸ ಮಾಡಿ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿರುವ ಕನ್ನಡ ಫಾಂಟುಗಳನ್ನು ನಕಲಿಸಿಕೊಳ್ಳಿ. ಮುಖ್ಯವಾದ ಬರಹಗಳನ್ನು ಅಲ್ಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ, ಅದು ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಆಮೇಲೆ ಪರಿವರ್ತಕ ಬಳಸಿ ಯುನಿಕೋಡ್‌ಗೆ ಬದಲಿಸಿ. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಈ ಸೌಲಭ್ಯ ಇದೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಅಂಕಿ, ಚಿಹ್ನೆಗಳು ಆಚೀಚೆ ಆಗುವುದುಂಟು. ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ತಿದ್ದಿ. ಅಲ್ಲಿಯವರೆಗೆ ಮೂಲ ಫೈಲು ಇರಲಿ.

ಒಂದು ಪ್ರತಿ ಸಾಕೇ?

ಸಾಲದು. ಎಲ್ಲವನ್ನೂ ಹೊಸ ಡಿಸ್ಕಿಗೆ ಹಾಕಿ ಹಳೆಯದನ್ನು ಅಳಿಸಿದರೆ ನಮ್ಮ ಬಳಿ ಮತ್ತೆ ಇರುವುದು ಒಂದೇ ಪ್ರತಿ. ಹೊಸ ಡಿಸ್ಕ್ ಕೈಜಾರಿ ಬಿದ್ದರೆ ಕಥೆ ಮುಗಿಯಿತು. ಇದಕ್ಕಾಗಿಯೇ '3-2-1' ಎಂಬ ಸೂತ್ರ ಇದೆ. ಅಂದರೆ ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ. ಮನೆಯ ಹೊರಗಿನ ಪ್ರತಿ ಕ್ಲೌಡ್‌ನಲ್ಲಿರಬಹುದು ಅಥವಾ ಊರಲ್ಲಿರುವ ಅಣ್ಣನ ಬೀರುವಿನಲ್ಲಿರುವ ಡಿಸ್ಕ್ ಆಗಿರಬಹುದು. ಕ್ಲೌಡ್ 'ಸಿಂಕ್' ಇದ್ದರೆ ಎಚ್ಚರ: ಇಲ್ಲಿ ಅಳಿಸಿದ ಫೈಲು ಅಲ್ಲೂ ಅಳಿಸಿಹೋಗುತ್ತದೆ.

ಪೆನ್‌ಡ್ರೈವ್‌ ಮಾತ್ರ ನಂಬಿ ವರ್ಷಗಟ್ಟಲೆ ಕಪಾಟಿನಲ್ಲಿಡುವುದೂ ಒಳ್ಳೆಯದಲ್ಲ. ಅದರಲ್ಲಿ ಮಾಹಿತಿ ಇರುವುದು ವಿದ್ಯುದಾವೇಶದ ರೂಪದಲ್ಲಿ. ಬಳಸದೆ ಬಹುಕಾಲ ಇಟ್ಟರೆ ಅದು ನಿಧಾನವಾಗಿ ಸೋರಿಹೋಗಬಹುದು.

ಹಳೆಯ ಕಂಪ್ಯೂಟರನ್ನು ಏನು ಮಾಡುವುದು?

ಫೈಲುಗಳು ಸುರಕ್ಷಿತವಾದ ಮೇಲೆ ರಿಪೇರಿಯ ಮಾತು. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ ಹೆಚ್ಚಿಸಿದರೆ ಎಷ್ಟೋ ಯಂತ್ರಗಳು ಮತ್ತೆ ಕೆಲವು ವರ್ಷ ಚೆನ್ನಾಗಿ ನಡೆಯುತ್ತವೆ. ಆದರೆ ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಭದ್ರತಾ ಅಪ್‌ಡೇಟ್ ಬಾರದ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಹಗುರವಾದ ಲಿನಕ್ಸ್ ಹಾಕಿಕೊಳ್ಳಬಹುದು, ಇಲ್ಲವೇ ಇಂಟರ್‌ನೆಟ್ ಇಲ್ಲದೆ ಟೈಪಿಂಗ್‌ಗೆ, ಹಾಡು ಕೇಳಲು ಬಳಸಬಹುದು.

ಬೇರೆಯವರಿಗೆ ಕೊಡುವುದಾದರೆ ಬರೀ ಡಿಲೀಟ್ ಸಾಲದು. ಡಿಲೀಟ್ ಮಾಡುವುದೆಂದರೆ ಪುಸ್ತಕದ ಪರಿವಿಡಿಯಿಂದ ಅಧ್ಯಾಯದ ಹೆಸರು ಹೊಡೆದುಹಾಕಿದಂತೆ, ಪುಟಗಳು ಹಾಗೆಯೇ ಇರುತ್ತವೆ. 'ಕ್ವಿಕ್ ಫಾರ್ಮ್ಯಾಟ್' ಕೂಡ ಬಹುಮಟ್ಟಿಗೆ ಅಷ್ಟೇ. ಹಾರ್ಡ್ ಡಿಸ್ಕ್ ಆದರೆ 'ಕ್ವಿಕ್' ಆಯ್ಕೆ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಅಥವಾ ಡಿಸ್ಕನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಡಿ. ಪೂರ್ತಿ ಕೆಟ್ಟಿದ್ದರೆ ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಪಡೆಯುವ ನೋಂದಾಯಿತ ಸಂಸ್ಥೆಗೆ ಒಪ್ಪಿಸಿ. ಹಳೆಯ ದಪ್ಪ ಮಾನಿಟರುಗಳ ಗಾಜಿನಲ್ಲಿ ಸೀಸವೂ ಇರುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಚಿಕ್ಕದು. 'ನಾಳೆ ಬೆಳಿಗ್ಗೆ ಈ ಕಂಪ್ಯೂಟರ್ ಶುರುವಾಗದಿದ್ದರೆ ನಾವು ಕಳೆದುಕೊಳ್ಳುವುದೇನು?' ಎಂದು ಮನೆಯವರೆಲ್ಲ ಕೂತು ಒಂದು ಪಟ್ಟಿ ಮಾಡಿ. ಅದರಲ್ಲಿ ಮೊದಲು ಬರುವ ಹೆಸರು ಯಾವುದೋ ಆ ಫೋಲ್ಡರನ್ನು ಇವತ್ತೇ ನಕಲಿಸಿ. ಉಳಿದದ್ದು ಭಾನುವಾರಕ್ಕೆ ಇರಲಿ.